ಆರೈಕೆ ಮಾಡುವವರ ಗಾಯ

ಮನಸ್ಸಿನ ಕ್ಲೇಶವು ಮನಸ್ಸಿನಲ್ಲಿಯೇ ಉಳಿಯುವುದೆಂದು ನಂಬಿರುವವರು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ಅವರೂ ಅವರ ಸಂಗಡಿಗರೂ 1995ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಗಮನಿಸಬೇಕು. ಮರೆವಿನ ಕಾಯಿಲೆಗೆ ಈಡಾದ ಆಪ್ತರನ್ನು ನೋಡಿಕೊಳ್ಳುತ್ತಿದ್ದ 13 ಮಂದಿ ಸ್ತ್ರೀಯರನ್ನೂ, ವಯಸ್ಸಿನಲ್ಲಿಯೂ ವರಮಾನದಲ್ಲಿಯೂ ಅವರಿಗೆ ಸಮಾನರಾಗಿದ್ದು ಅಂತಹ ಹೊರೆಯಿಲ್ಲದ 13 ಮಂದಿಯನ್ನೂ ಆರಿಸಿಕೊಂಡು, ಎಲ್ಲರ ತೋಳಿನ ಚರ್ಮದಲ್ಲಿಯೂ ಮೂರೂವರೆ ಮಿಲಿಮೀಟರ್ ಅಗಲದ ಗಾಯವನ್ನು ಮಾಡಲಾಯಿತು. ಹೊರೆಯಿಲ್ಲದವರ ಗಾಯವು ಸರಾಸರಿ 39 ದಿನಗಳಲ್ಲಿ ಮಾಯ್ದಿತು. ಆರೈಕೆಯಲ್ಲಿ ತೊಡಗಿದ್ದವರದು ಮಾಯಲು ಮತ್ತೆ 9 ದಿನಗಳು ಬೇಕಾದುವು.

ಇದರ ಕಾರಣವನ್ನು ಅರಿಯಬೇಕಾದರೆ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಕಡೆಗೆ ನೋಡಬೇಕು. ಭಯವೋ ಆತಂಕವೋ ಒದಗಿದೊಡನೆ ಅವುಗಳ ಒಳಭಾಗದಿಂದ ಅಡ್ರಿನಲಿನ್ ರಕ್ತಕ್ಕೆ ಹರಿದು, ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ, ಜೀರ್ಣಕಾರ್ಯವು ಮಂದವಾಗುತ್ತದೆ. ಎದುರಿಸುವುದಕ್ಕೋ ಓಡಿಹೋಗುವುದಕ್ಕೋ ದೇಹವನ್ನು ಹೀಗೆ ಸನ್ನದ್ಧಗೊಳಿಸುವ ಏರ್ಪಾಡನ್ನು ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲಿಯೇ ವಿವರಿಸಿದ್ದರು. ಇದರ ಹಿಂದೆಯೇ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಿಂದ ಅಡ್ರಿನಲ್ಲಿನ ಹೊರಪದರವು ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸುತ್ತದೆ. ಬಂದು ಹೋಗುವ ಅಪಾಯದಲ್ಲಿ ಇವೆಲ್ಲವೂ ಉಪಕಾರಿಯೇ. ಆದರೆ ತಾನು ಹೆತ್ತ ಮಗಳನ್ನೇ ಗುರುತಿಸಲಾರದ ತಾಯಿಯು ನಡುರಾತ್ರಿಯಲ್ಲಿ ಎದ್ದು, ಚಿಲಕ ತೆಗೆದು ಬೀದಿಗಿಳಿದಾಳೆಂಬ ಶಂಕೆಯಿಂದ, ಅರೆನಿದ್ದೆಯಲ್ಲಿಯೂ ಆ ಚಿಲಕದ ಸದ್ದಿಗೇ ಕಿವಿಗೊಟ್ಟು ವರ್ಷಗಟ್ಟಲೆ ಮಲಗುವವಳಿಗೆ ಅಪಾಯವು ಮುಗಿಯುವುದೆಂದಿಗೆ? ಬಿಡುವಿಲ್ಲದೆ ಸ್ರವಿಸುವ ಕಾರ್ಟಿಸಾಲ್, ಗಾಯವನ್ನು ಶುಚಿಗೊಳಿಸಲು ಬಿಳಿಯ ರಕ್ತಕಣಗಳನ್ನು ಕರೆತರುವ ರಾಸಾಯನಿಕ ಸಂಜ್ಞೆಗಳನ್ನು ಅದುಮಿಹಿಡಿಯಬಲ್ಲದು. ಓಹಾಯೋದ ಆ ಶುಶ್ರೂಷಕಿಯರ ರಕ್ತಕಣಗಳಲ್ಲಿ ಅಂತಹ ಸಂಜ್ಞೆಗಳಲ್ಲೊಂದು ಕುಗ್ಗಿದ್ದುದೂ ಕಂಡುಬಂದಿತು.

ಅವರ ದೇಹಪ್ರಕೃತಿಯೇ ದುರ್ಬಲವಾಗಿದ್ದಿರಬಹುದಲ್ಲವೇ ಎಂಬ ಸಂದೇಹವು ಸಹಜವಾದುದು. 1998ರಲ್ಲಿ ಅದೇ ತಂಡದವರು 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಬೇಸಗೆಯ ರಜೆಯಲ್ಲೊಮ್ಮೆ, ಪರೀಕ್ಷೆಗೆ 3 ದಿನ ಮುಂಚೆ ಮತ್ತೊಮ್ಮೆ ಸಣ್ಣ ಗಾಯಗಳನ್ನು ಮಾಡಿ ನೋಡಿದಾಗ, ಪರೀಕ್ಷಾಕಾಲದ ಗಾಯವು ಸರಾಸರಿ 3 ದಿನ ತಡವಾಗಿ ಮಾಯ್ದಿತು. ಒಬ್ಬರೂ ಇದಕ್ಕೆ ಅಪವಾದವಾಗಲಿಲ್ಲ.

ರೋಗಿಯನ್ನು ಕಾಣಲು ಬರುವ ಬಂಧುಗಳು ಹಣ್ಣುಹಂಪಲಿನೊಡನೆ ಒಂದು ರಾತ್ರಿಯ ಬಿಡುವನ್ನೂ ತರಬೇಕೆಂಬುದು ನನ್ನ ಪ್ರಾರ್ಥನೆ: ಆರೈಕೆಯ ಹೊರೆ ಹೊತ್ತಾಕೆ ಬೇರೊಂದು ಕೋಣೆಯಲ್ಲಿ ಬೆಳಗಿನವರೆಗೆ ಮಲಗಲಿ, ರೋಗಿಯ ರಕ್ತದೊತ್ತಡವನ್ನು ಅಳೆಯಲು ಬಂದ ವೈದ್ಯರು ಆಕೆಯ ತೋಳಿಗೂ ಆ ಪಟ್ಟಿಯನ್ನು ಸುತ್ತಿ, ಅವಳು ಹೇಗಿದ್ದಾಳೆಂಬುದನ್ನೂ ವಿಚಾರಿಸಲಿ.