ಶೇಂಗಾಕ್ಕೆ ಹಾಕೋ ಜಿಪ್ಸಂ, ನೆಲದ ತುಂಬಾ ಇದ್ದರೆ ಏನಾಗುತ್ತೆ?

ಚಳ್ಳಕೆರೆ: ಶೇಂಗಾ ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ ಗೊಬ್ಬರದ ಅಂಗಡಿಗಳಲ್ಲಿ ಜಿಪ್ಸಂ ಕೇಳುವವರು ಹೆಚ್ಚುತ್ತಾರೆ. ಹೆಕ್ಟೇರಿಗೆ 500 ಕೆಜಿ, ಅಂದರೆ ಎಕರೆಗೆ 200 ಕೆಜಿ ಹಾಕಿ ಅನ್ನೋದು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. 50 ಕೆಜಿ ಲೆಕ್ಕದಲ್ಲಿ ನಾಲ್ಕು ಚೀಲ. ಕಾಯಿ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂ, ಎಣ್ಣೆ ಅಂಶಕ್ಕೆ ಬೇಕಾದ ಗಂಧಕ ಎರಡೂ ಇದರಲ್ಲಿವೆ.

ಆದರೆ ಇದೇ ಜಿಪ್ಸಂ ಚೀಲದಲ್ಲಿ ಬರದೆ, ಹೊಲದ ಮಣ್ಣಲ್ಲೇ ಕಾಲು ಭಾಗ, ಅರ್ಧ ಭಾಗ ತುಂಬಿಕೊಂಡಿದ್ದರೆ? ಅಂಥ ನೆಲ ಜಗತ್ತಿನಲ್ಲಿ ಸುಮಾರು 10 ಕೋಟಿ ಹೆಕ್ಟೇರ್ ಇದೆ. ಹೆಚ್ಚಿನದು ಕುರಿ, ಮೇಕೆ, ಒಂಟೆ ಮೇಯೋ ಒಣ ಸೀಮೆ. ಅಲ್ಲಿ ಮಳೆ ಕಡಿಮೆ ಅನ್ನೋದೊಂದೇ ಸಮಸ್ಯೆ ಅಲ್ಲ. ನೀರು ತಂದು ಬಿಟ್ಟರೂ ನೆಲ ಕೈ ಕೊಡಬಹುದು.

ಚೀಲದೊಳಗೆ ಏನಿದೆ?

ಜಿಪ್ಸಂ ಅಂದರೆ ಕ್ಯಾಲ್ಸಿಯಂ, ಗಂಧಕ, ಆಮ್ಲಜನಕ ಮತ್ತು ನೀರು ಸೇರಿ ಆದ ಹರಳು. ಶುದ್ಧ ಜಿಪ್ಸಂ 100 ಕೆಜಿ ತಗೊಂಡರೆ ಅದರಲ್ಲಿ ಸುಮಾರು 23 ಕೆಜಿ ಕ್ಯಾಲ್ಸಿಯಂ, 18 ಕೆಜಿ ಗಂಧಕ, 21 ಕೆಜಿ ನೀರು ಇರುತ್ತೆ. ಕೈಗೆ ಒಣ ಪುಡಿ ಅನ್ನಿಸಿದರೂ 50 ಕೆಜಿ ಶುದ್ಧ ಜಿಪ್ಸಂನಲ್ಲಿ 10 ಕೆಜಿಗೂ ಹೆಚ್ಚು ನೀರು ಹರಳಿನೊಳಗೆ ಕಟ್ಟಿಹೋಗಿರುತ್ತೆ. ಈ ನೀರನ್ನು ಬಿಸಿ ಮಾಡಿ ಮುಕ್ಕಾಲು ಭಾಗ ಓಡಿಸಿದರೆ ಸಿಗೋದೇ ಪಿಒಪಿ ಪುಡಿ.

ದೇಶದ ಗಣಿಗಳಿಂದ ತೆಗೆಯೋ ಜಿಪ್ಸಂ ಬಹುತೇಕ ಎಲ್ಲಾ ರಾಜಸ್ಥಾನದ್ದು. ಬಿಕಾನೇರ್, ನಾಗೌರ್, ಜೈಸಲ್ಮೇರ್, ಬಾಡ್ಮೇರ್ ಕಡೆಯ ನೆಲದಲ್ಲಿ ಅದು ಸಿಗುತ್ತೆ. ಇದಲ್ಲದೆ ಗೊಬ್ಬರ ಕಾರ್ಖಾನೆಗಳಲ್ಲಿ ಉಳಿಯೋ ಜಿಪ್ಸಂ ಕೂಡ ಮಾರುಕಟ್ಟೆಗೆ ಬರುತ್ತೆ.

ಒಣ ಸೀಮೆಯಲ್ಲೇ ಯಾಕೆ?

ಕಾರಣ ಸರಳ, ಜಿಪ್ಸಂ ನೀರಿನಲ್ಲಿ ನಿಧಾನಕ್ಕೆ ಕರಗುತ್ತೆ. ಒಂದು ಲೀಟರ್ ನೀರಿಗೆ ಅಡುಗೆ ಉಪ್ಪು 350 ಗ್ರಾಂಗೂ ಹೆಚ್ಚು ಕರಗಿದರೆ, ಜಿಪ್ಸಂ ಕರಗೋದು ಸುಮಾರು ಎರಡೂವರೆ ಗ್ರಾಂ ಮಾತ್ರ. ಹಿಂದೊಮ್ಮೆ ಕೆರೆ, ಸಮುದ್ರದ ನೀರು ಆರಿಹೋದ ಕಡೆ ಅದು ಹರಳಾಗಿ ಉಳಿಯಿತು. ಮಲೆನಾಡಿನಂಥ ಮಳೆ ಇದ್ದರೆ ಸಾವಿರಾರು ವರ್ಷದಲ್ಲಿ ತೊಳೆದು ಹೋಗುತ್ತಿತ್ತು. ವರ್ಷಕ್ಕೆ 200-300 ಮಿ.ಮೀ. ಮಳೆ ಬೀಳೋ ಕಡೆ ನೀರು ಆಳಕ್ಕೆ ಇಳಿಯೋ ಮೊದಲೇ ಆವಿಯಾಗುತ್ತೆ. ಹಾಗಾಗಿ ಜಿಪ್ಸಂ ಅಲ್ಲೇ ಉಳಿದುಬಿಡುತ್ತೆ.

ಎಷ್ಟಿದ್ದರೆ ಒಳ್ಳೇದು, ಎಷ್ಟಾದರೆ ಕಷ್ಟ?

ಮಣ್ಣಿನಲ್ಲಿ ಶೇ. 2ರವರೆಗೆ ಜಿಪ್ಸಂ ಇದ್ದರೆ ಬೆಳೆಗೆ ಲಾಭವೇ. ತಮಿಳುನಾಡಿನ ಕೋವಿಲ್‌ಪಟ್ಟಿ ಕಡೆಯ ಕಪ್ಪು ಮಣ್ಣಿನಲ್ಲಿ ಜಿಪ್ಸಂ ತಾನಾಗೇ ಇದ್ದು, ಆ ಮಣ್ಣು ಚೌಳಾಗದಂತೆ ಕಾಯುತ್ತೆ. ಶೇ. 25ರವರೆಗೂ, ಪುಡಿಯ ರೂಪದಲ್ಲಿದ್ದರೆ, ಅಂಥ ತೊಂದರೆ ಇಲ್ಲ. ಅದನ್ನು ದಾಟಿದರೆ ಇಳುವರಿ ಬೀಳುತ್ತೆ ಅನ್ನೋದು ಮಣ್ಣು ವಿಜ್ಞಾನಿಗಳ ಲೆಕ್ಕ.

ಯಾಕಂದರೆ ಕ್ಯಾಲ್ಸಿಯಂ ಅತಿಯಾದಾಗ ಗಿಡಕ್ಕೆ ಪೊಟ್ಯಾಷ್, ಮೆಗ್ನೀಷಿಯಂ ಸರಿಯಾಗಿ ಸಿಗಲ್ಲ. ಹಾಕಿದ ರಂಜಕವೂ ಕ್ಯಾಲ್ಸಿಯಂ ಜೊತೆ ಕಟ್ಟಿಹೋಗುತ್ತೆ. ಜೇಡಿ, ಸಾವಯವ ಅಂಶ ಇರಬೇಕಾದ ಜಾಗವನ್ನು ಜಿಪ್ಸಂ ತಿಂದಿರುತ್ತೆ. ಒಣಗಿದಾಗ ಮೇಲ್ಮೈ ಬಿರುಸಾಗಿ ಮೊಳಕೆ ಏಳಲ್ಲ. ಉತ್ತರೆ ಉಜ್ಜಿದಂತೆ ಉತ್ತು ಸಡಿಲ ಮಾಡಿದರೆ ಗಾಳಿಗೆ ದೂಳಾಗಿ ಹಾರುತ್ತೆ. ಕೆಲವು ಕಡೆ ಒಂದೆರಡು ಅಡಿ ಕೆಳಗೆ ಗಾರೆ ಹಾಕಿದಂಥ ಪದರ ಕಟ್ಟಿ, ಬೇರು ಅಲ್ಲಿಗೇ ನಿಂತುಬಿಡುತ್ತೆ.

ಹುಲ್ಲು, ಕುರಿ ಮತ್ತು ಮಣ್ಣಿನ ಸಿಪ್ಪೆ

ಹಾಗಂತ ಅದು ಬಂಜರು ಅಲ್ಲ. ಸ್ಪೇನ್ ದೇಶದ ಎಬ್ರೊ ನದಿ ಕಣಿವೆಯಲ್ಲಿ ಜಿಪ್ಸಂ ಗುಡ್ಡಗಳ ಮೇಲೆ ಕುರಿ ಮೇಯಿಸೋದು ಹಳೇ ಕಸುಬು. ಜಿಪ್ಸಂ ಬಿಟ್ಟು ಬೇರೆ ಮಣ್ಣಲ್ಲಿ ಬರದ ಗಿಡಗಳೂ ಅಲ್ಲಿವೆ. ಅಂಥ ಒಂದು ಗಿಡದ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನ ಅಚ್ಚರಿಯ ಸಂಗತಿ ಹೇಳಿತು. ಬೇರು ಆಳಕ್ಕೆ ಹೋಗದ ಆ ಗಿಡ ಬೇಸಿಗೆಯಲ್ಲಿ ಬಳಸೋ ನೀರಿನ ಬಹುಪಾಲು ಬರೋದು ಜಿಪ್ಸಂ ಹರಳಿನೊಳಗಿನ ನೀರಿನಿಂದ. ಕಲ್ಲೇ ನೀರು ಕೊಡುತ್ತೆ ಅಂದಂಗಾಯ್ತು.

ಇನ್ನೊಂದು ವಿಶೇಷ, ಗಿಡಗಳ ನಡುವೆ ಬರಿದಾಗಿ ಕಾಣೋ ನೆಲ. ಅಲ್ಲಿ ಪಾಚಿ ಮತ್ತು ಕಲ್ಲುಹೂವು ಸೇರಿ ತೆಳ್ಳಗಿನ ಸಿಪ್ಪೆ ಕಟ್ಟಿರುತ್ತವೆ. ಕಿರಾಣಿ ಅಂಗಡಿಯಲ್ಲಿ ಮಸಾಲೆಗೆ ಸಿಗೋ ಕಲ್ಲುಹೂವಿನ ಬಳಗದ್ದೇ ಇದು. ಈ ಸಿಪ್ಪೆ ದೂಳು ಹಾರದಂತೆ ಹಿಡಿಯುತ್ತೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತೆ. ಮಿತಿ ಮೀರಿ ಮಂದೆ ಬಿಟ್ಟರೆ, ಗಾಡಿ ಓಡಿಸಿದರೆ ಒಡೆದುಹೋಗುತ್ತೆ. ಮತ್ತೆ ಕಟ್ಟಿಕೊಳ್ಳೋಕೆ ಹತ್ತಾರು ವರ್ಷ ಬೇಕಾಗಬಹುದು.

ನೀರು ಬಿಟ್ಟರೆ ಏನಾಗುತ್ತೆ?

ಅಸಲಿ ಪ್ರಶ್ನೆ ಇಲ್ಲಿದೆ. ಒಂದು ಎಕರೆ ಮೇಲೆ 100 ಮಿ.ಮೀ. ನೀರು ನಿಂತರೆ ಅದು ಸುಮಾರು 4 ಲಕ್ಷ ಲೀಟರ್. ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ ಹಿಡಿದರೆ, ಅಷ್ಟೂ ನೀರು ಮಣ್ಣೊಳಗೆ ಹಾದುಹೋದಾಗ 1 ಟನ್‌ವರೆಗೂ ಜಿಪ್ಸಂ ಕರಗಬಹುದು. ಮಳೆ ಬಿದ್ದು ಆವಿಯಾಗೋ ನೆಲದಲ್ಲಿ ಇದು ಆಗಲ್ಲ. ಕಾಲುವೆ ನೀರು ವರ್ಷಕ್ಕೆ ಹತ್ತಾರು ಸಲ ಹರಿಯೋ ನೆಲದಲ್ಲಿ ಆಗುತ್ತೆ. ನೀರು ಎಲ್ಲಾ ಕಡೆ ಸಮನಾಗಿ ಇಳಿಯೋದೂ ಇಲ್ಲ. ಒಂದು ಬಿರುಕು ಹಿಡಿದು ಅಲ್ಲೇ ಕರಗಿಸುತ್ತಾ ಹೋಗಿ ಒಳಗೆ ಪೊಳ್ಳು ಮಾಡುತ್ತೆ. ಒಂದು ದಿನ ಮೇಲಿನ ನೆಲ ಕುಸಿಯುತ್ತೆ. ಎಬ್ರೊ ಕಣಿವೆಯ ಜರಗೋಜಾ ನಗರದ ಸುತ್ತ ಇಂಥ ಕುಳಿಗಳು ಹೊಲ, ರಸ್ತೆ, ಕಾಲುವೆ ಎಲ್ಲಕ್ಕೂ ಕಾಟ ಕೊಟ್ಟಿವೆ. ಇರಾಕ್‌ನ ಮೊಸುಲ್ ಅಣೆಕಟ್ಟಿನ ಅಡಿಪಾಯದಲ್ಲೂ ಜಿಪ್ಸಂ ಇದೆ. ಅದಕ್ಕೇ 1980ರ ದಶಕದಿಂದಲೂ ತಳಕ್ಕೆ ಸಿಮೆಂಟ್ ತುಂಬೋ ಕೆಲಸ ಮಾಡಬೇಕಾಗಿ ಬಂತು.

ಗಟ್ಟಿ ಪದರ ಕಟ್ಟಿರೋ ಕಡೆ ಕಷ್ಟ ಬೇರೆ ರೀತಿಯದು. 1958ರಲ್ಲಿ ಶುರುವಾದ ರಾಜಸ್ಥಾನ ಕಾಲುವೆ, ಈಗಿನ ಇಂದಿರಾ ಗಾಂಧಿ ಕಾಲುವೆ, ಮರುಭೂಮಿಗೆ ಗೋಧಿ, ಹತ್ತಿ ತಂದಿತು ನಿಜ. ಆದರೆ ಕೆಲವು ಕಡೆ ನೆಲದಡಿ ಜಿಪ್ಸಂ, ಸುಣ್ಣ, ಜೇಡಿ ಸೇರಿದ ಪದರ ನೀರನ್ನು ಕೆಳಗೆ ಬಿಡಲಿಲ್ಲ. ಹನುಮಾನಗಢ ಜಿಲ್ಲೆಯ ಬಡೋಪಲ್ ಸುತ್ತಮುತ್ತ ಹೊಲಗಳೇ ಜೌಗಾಗಿ ಉಪ್ಪು ಮೇಲೆದ್ದಿತು.

ಸಿಮೆಂಟಿಗೂ ಇದು ಶತ್ರು. ಸಿಮೆಂಟ್ ಬೇಗ ಗಟ್ಟಿಯಾಗದಿರಲಿ ಅಂತ ಕಾರ್ಖಾನೆಯಲ್ಲಿ ಸ್ವಲ್ಪ ಜಿಪ್ಸಂ ಸೇರಿಸುತ್ತಾರೆ. ಆದರೆ ಮಣ್ಣಿನಿಂದ ಬರೋ ಸಲ್ಫೇಟ್ ಕಾಂಕ್ರೀಟನ್ನು ಒಳಗಿಂದ ಉಬ್ಬಿಸಿ ಒಡೆಯುತ್ತೆ. ಅಂಥ ನೆಲಕ್ಕೆ ಸಲ್ಫೇಟ್ ತಡೆಯೋ ಬೇರೆ ಸಿಮೆಂಟೇ ಬೇಕು.

ಇಲ್ಲಿಯವರಿಗೆ ಇದರಿಂದ ಏನು?

ಚಳ್ಳಕೆರೆಯ ಕೆಂಪು ಮಣ್ಣು ಜಿಪ್ಸಂ ಮಣ್ಣಲ್ಲ, ಭಯ ಬೇಡ. ಆದರೆ ಭದ್ರಾ ಮೇಲ್ದಂಡೆ ನೀರಿಗೆ ಕಾಯುತ್ತಿರೋ ಸೀಮೆಗೆ ಒಂದು ಪಾಠ ಇದೆ. ನೀರು ಬರೋ ಮೊದಲು ಹೊಲದ ಮೇಲಿನ ಮಣ್ಣಷ್ಟೇ ಅಲ್ಲ, ಮೂರ್ನಾಲ್ಕು ಅಡಿ ಕೆಳಗೆ ಏನಿದೆ ಅಂತಲೂ ಗೊತ್ತಿರಬೇಕು. ಬಸಿಗಾಲುವೆಗೆ ದಾರಿ ಇರಬೇಕು.

ಕಪ್ಪು ಮಣ್ಣು ಅಗೆದಾಗ ಬಿಳಿ ಹರಳು ಸಿಕ್ಕರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ವಿನೆಗರ್ ಹನಿ ಹಾಕಿದಾಗ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು. ಗುಳ್ಳೆ ಬರದೆ, ಉಗುರಿನಿಂದ ಗೀಚಿದರೆ ಗೆರೆ ಬಿದ್ದರೆ ಜಿಪ್ಸಂ ಇರಬಹುದು.

ಬಿಳಿ ಕಂಡ ನೆಲಕ್ಕೆಲ್ಲ ಜಿಪ್ಸಂ ಸುರಿಯೋದು ದುಡ್ಡು ದಂಡ. ಬರೀ ಉಪ್ಪೇರಿದ ಸವಳು ಭೂಮಿಗೆ ಬೇಕಾದ್ದು ಸಿಹಿನೀರು ಮತ್ತು ಬಸಿಗಾಲುವೆ. ಪಿಎಚ್ 8.5 ದಾಟಿ ಸೋಡಿಯಂ ಹೆಚ್ಚಾದ ಚೌಳಿಗೆ ಜಿಪ್ಸಂ ಮದ್ದು, ಅದೂ ನೀರು ಬಸಿದು ಹೋಗೋ ವ್ಯವಸ್ಥೆ ಇದ್ದರೆ. ಹುಳಿ ಮಣ್ಣಿಗೆ ಸುಣ್ಣವೇ ಬೇಕು, ಜಿಪ್ಸಂ ಹಾಕಿದರೆ ಹುಳಿ ಹೋಗಲ್ಲ.

ಯಾವುದು ಅಂತ ತಿಳಿಯಲು ಹೊಲದ 8-10 ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ಅದರಲ್ಲಿ ಅರ್ಧ ಕೆಜಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ಚೌಳು ಇದ್ದರೆ ಎಕರೆಗೆ ಎಷ್ಟು ಜಿಪ್ಸಂ ಬೇಕು ಅನ್ನೋ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಚೀಲ ಕೊಳ್ಳೋದು ಆಮೇಲೆ.