ಮನೆಯೊಳಗಿನ ಶುಶ್ರೂಷೆಯೂ ಪೂರ್ವೋತ್ತರ ವಿಚಾರಣೆಯೂ

ಮೈಸೂರು ನಗರವು ನಿವೃತ್ತರಿಗೆ ಒಪ್ಪಿದ ಊರೆಂಬ ಹೆಸರನ್ನು ಬಹುಕಾಲದಿಂದ ಪಡೆದಿದೆ. ಸರ್ಕಾರದ ಚಾಕರಿಯಲ್ಲಿ ತಲೆ ನರೆತವರೂ, ಶಾಲಾ ಕಾಲೇಜುಗಳಲ್ಲಿ ಪಾಠ ಹೇಳಿ ವಿಶ್ರಾಂತಿ ಪಡೆದವರೂ, ದೂರದ ಊರುಗಳಲ್ಲಿ ದುಡಿದು ಕೊನೆಗಾಲಕ್ಕೆ ಶಾಂತವಾದ ನೆಲೆಯನ್ನು ಬಯಸಿದವರೂ ಇಲ್ಲಿ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ಆದರೆ ಕಟ್ಟಿದಾಗ ಇದ್ದ ತುಂಬುಸಂಸಾರವು ಈಗ ಆ ಮನೆಗಳಲ್ಲಿಲ್ಲ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ, ಇಬ್ಬರೇ ವೃದ್ಧರು, ಕೆಲವೆಡೆ ಒಬ್ಬರೇ, ಉಳಿದಿರುವ ಮನೆಗಳು ಸರಸ್ವತೀಪುರ, ಜಯಲಕ್ಷ್ಮೀಪುರ, ಒಂಟಿಕೊಪ್ಪಲು, ಕುವೆಂಪುನಗರಗಳಲ್ಲಿ ಬೀದಿಗೊಂದಾದರೂ ಸಿಕ್ಕುತ್ತವೆ. 2011ರ ಜನಗಣತಿಯಲ್ಲಿ ಅರವತ್ತು ವರ್ಷ ತುಂಬಿದವರು ಭಾರತದ ಜನಸಂಖ್ಯೆಯಲ್ಲಿ ನೂರಕ್ಕೆ 8.6 ರಷ್ಟಿದ್ದರೆ ಕರ್ನಾಟಕದಲ್ಲಿ 9.5 ರಷ್ಟಿದ್ದರು. ಸೊಸೆಯೋ ಮಗಳೋ ತಂಗಿಯೋ ಹಿಂದೆ ಮಾಡುತ್ತಿದ್ದ ಶುಶ್ರೂಷೆಯನ್ನು ಈಗ ಸಂಬಳ ಕೊಟ್ಟು ಪರರಿಂದ ಮಾಡಿಸಬೇಕಾಗಿ ಬಂದಿರುವುದು ಹೀಗೆ.

ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಯೋಚಿಸಬೇಕಾದುದು ಬೇರೊಂದಿದೆ. ಒಂದು ಸೈಕಲ್ಲನ್ನು ಕೊಳ್ಳುವಾಗಲೂ ನಾಲ್ಕು ಅಂಗಡಿ ವಿಚಾರಿಸುವ ಗೃಹಸ್ಥನು, ಹಾಸಿಗೆ ಹಿಡಿದ ತಾಯಿಯ ಬಳಿಗೆ ಅಪರಿಚಿತರನ್ನು ಒಂದು ಟೆಲಿಫೋನು ಮಾತಿನ ಮೇಲೆ ತಂದು ಕೂರಿಸುತ್ತಿದ್ದಾನೆ. ಆಸ್ಪತ್ರೆಯವರು ನಾಳೆ ಮನೆಗೆ ಕಳುಹಿಸುತ್ತೇವೆಂದರೆ ಇಂದು ಸಂಜೆಯೊಳಗೆ ಯಾರಾದರೂ ದೊರೆತರೆ ಸಾಕೆಂಬ ಆತುರವೇ ಇದಕ್ಕೆ ಮುಖ್ಯ ಕಾರಣ. ಆ ಆತುರದಲ್ಲಿ ಹೆಸರೇನು, ಊರು ಯಾವುದು, ಹಿಂದೆ ಎಲ್ಲಿ ಕೆಲಸ ಮಾಡಿದ್ದರು, ಏಕೆ ಬಿಟ್ಟರು ಎಂಬ ಸಾಮಾನ್ಯ ಪ್ರಶ್ನೆಗಳೂ ಕೇಳದೆಯೇ ಉಳಿದುಹೋಗುತ್ತವೆ.

ಶುಶ್ರೂಷಕರ ವಿಷಯದಲ್ಲಿ ಇತರ ಊಳಿಗದವರಿಗಿಂತ ಹೆಚ್ಚಿನ ಎಚ್ಚರಿಕೆ ಬೇಕೆಂದು ಹೇಳಲು ಬಲವಾದ ಕಾರಣವುಂಟು. ಅಡಿಗೆಯವನು ತಪ್ಪಿದರೆ ಉಂಡವರು ಹೇಳುತ್ತಾರೆ. ಶುಶ್ರೂಷಕರು ತಪ್ಪಿದರೆ ಹೇಳಬೇಕಾದವರಿಗೆ ಹೇಳುವ ಶಕ್ತಿಯೇ ಇರುವುದಿಲ್ಲ. ಲಕ್ವ ಹೊಡೆದು ಮಾತು ಬಿದ್ದುಹೋದವರನ್ನು ನಮ್ಮ ಊರಿನವರು ಬಲ್ಲರು. ಅಂಥವರಿಗೆ ಮರಳಿ ಮಾತು ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965 ರಿಂದಲೂ ಮೈಸೂರಿನಲ್ಲಿಯೇ ಇದೆ. ಇನ್ನು ಮರೆವಿನ ರೋಗದವರ ಮಾತು. ದೇಶದ ಹಲವು ಪ್ರಾಂತಗಳ ವೃದ್ಧರನ್ನು ಪರೀಕ್ಷಿಸಿ 2023 ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವಿದೆಯೆಂದು ಅಂದಾಜು ಮಾಡಿತು. ಬೆಳಗಿನ ಔಷಧ ಕೊಟ್ಟರೋ ಇಲ್ಲವೋ, ಕೈ ಮೇಲಿನ ನೀಲಿಗಟ್ಟಿದ ಗುರುತು ಹೇಗಾಯಿತು, ಬೆರಳಿನ ಉಂಗುರ ಎಲ್ಲಿ ಹೋಯಿತು ಎಂದರೆ ಅವರು ಏನು ಉತ್ತರ ಹೇಳಿಯಾರು? ಹೇಳಿದರೂ ನಂಬುವವರಾರು? ರೋಗಿಯು ಸಾಕ್ಷಿ ಹೇಳಲಾರದ ಕಡೆ ಮನೆಯವರು ಮೊದಲೇ ವಿಚಾರಿಸಿಕೊಳ್ಳುವುದೊಂದೇ ರಕ್ಷಣೆ.

ಈ ವಿಷಯದಲ್ಲಿ ಕಾನೂನಿನ ಸ್ಥಿತಿಯು ವಿಚಿತ್ರವಾಗಿದೆ. ಗೇಟಿನ ಬಳಿ ನಿಲ್ಲುವ ಕಾವಲುಗಾರನನ್ನು ಒದಗಿಸುವ ಏಜೆನ್ಸಿಯು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಅಧಿನಿಯಮದ ಪ್ರಕಾರ ಸರ್ಕಾರದಿಂದ ಲೈಸೆನ್ಸು ಪಡೆದಿರಬೇಕು. ಆ ಕಾವಲುಗಾರನ ನಡತೆ ಮತ್ತು ಪೂರ್ವವೃತ್ತಾಂತಗಳನ್ನು ವಿಚಾರಿಸಿ ತೃಪ್ತಿಪಟ್ಟ ಮೇಲೆಯೇ ಅವನನ್ನು ಕೆಲಸಕ್ಕೆ ನಿಲ್ಲಿಸಬೇಕು. ಅದೇ ಮನೆಯ ಒಳಕೋಣೆಯಲ್ಲಿ ರೋಗಿಗೆ ಸೂಜಿ ಚುಚ್ಚುವವರನ್ನು ಒದಗಿಸುವ ಏಜೆನ್ಸಿಗಳಿಗೆಂದೇ ರಾಷ್ಟ್ರಮಟ್ಟದಲ್ಲಿ ಅಂಥ ಪ್ರತ್ಯೇಕ ಅಧಿನಿಯಮವಿಲ್ಲ. ಬಾಗಿಲಿನ ಹೊರಗೆ ಕಾನೂನು ನಿಂತಿದೆ; ಒಳಗೆ ಮನೆಯವರ ವಿವೇಕವೇ ಗತಿ.

ಹಾಗೆಂದು ಕಾನೂನು ಪೂರಾ ಮೌನವಾಗಿಲ್ಲ. ಬ್ರಿಟಿಷರು 1860 ರಲ್ಲಿ ಮಾಡಿದ ದಂಡಸಂಹಿತೆಯಲ್ಲಿ ಊಳಿಗದ ಕರಾರು ಮುರಿದವರನ್ನು ಶಿಕ್ಷಿಸುವ ಮೂರು ಪ್ರಕರಣಗಳಿದ್ದವು. ಕೂಲಿಯವನನ್ನು ಧಣಿಗೆ ಕಟ್ಟಿಹಾಕುತ್ತಿದ್ದ ಎರಡು ಪ್ರಕರಣಗಳನ್ನು 1925 ರಲ್ಲಿ ರದ್ದುಪಡಿಸಿದರು. ಅದು ನ್ಯಾಯವೇ ಆಯಿತು. ಮೂರನೆಯದನ್ನು ಮಾತ್ರ ಉಳಿಸಿಕೊಂಡರು. ಎಳೆವಯಸ್ಸಿನಿಂದಲೋ, ಬುದ್ಧಿವೈಕಲ್ಯದಿಂದಲೋ, ರೋಗದಿಂದಲೋ ತನ್ನನ್ನು ತಾನು ನೋಡಿಕೊಳ್ಳಲಾರದವರ ಶುಶ್ರೂಷೆಗೆ ಕರಾರು ಮಾಡಿಕೊಂಡು, ಬೇಕೆಂದೇ ಅವರನ್ನು ಅಲಕ್ಷಿಸುವುದು ಅಪರಾಧವೆಂದು ಅದು ಹೇಳುತ್ತದೆ. 2024ರ ಜುಲೈ 1 ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 357ನೆಯ ಪ್ರಕರಣವಾಗಿದೆ. ಹಿಂದೆ ಇನ್ನೂರು ರೂಪಾಯಿ ಇದ್ದ ಜುಲ್ಮಾನೆಯ ಮಿತಿ ಐದು ಸಾವಿರಕ್ಕೆ ಏರಿದೆ. ಮೂರು ತಿಂಗಳವರೆಗೆ ಸೆರೆಮನೆವಾಸವನ್ನೂ ವಿಧಿಸಬಹುದು. ಆದರೆ ಕರಾರೇ ಇಲ್ಲದೆ, ಸಂಬಳವನ್ನೂ ಕೆಲಸವನ್ನೂ ಬಾಯಿಮಾತಿನಲ್ಲಿ ಗೊತ್ತುಮಾಡಿಕೊಂಡ ಮನೆಯವರಿಗೆ ಈ ಪ್ರಕರಣದ ಪ್ರಯೋಜನವು ದೊರೆಯುವುದು ಕಷ್ಟ. ಕೆಲಸದ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಮಾಡಬೇಕೆನ್ನುವುದು ಈ ಕಾರಣದಿಂದ.

ಪೊಲೀಸ್ ಇಲಾಖೆಯವರ ಕರ್ತವ್ಯವನ್ನೂ ಇಲ್ಲಿ ಜ್ಞಾಪಿಸುವುದು ಅವಶ್ಯ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಪಾರ್ಲಿಮೆಂಟು 2007 ರಲ್ಲಿ ಮಾಡಿದ ಅಧಿನಿಯಮವನ್ನು ಅನುಸರಿಸಿ ಕೇಂದ್ರ ಸರ್ಕಾರದವರು ರಾಜ್ಯಗಳಿಗೆ ಮಾದರಿ ನಿಯಮಗಳನ್ನು ಕೊಟ್ಟರು. ಪ್ರತಿಯೊಂದು ಠಾಣೆಯೂ ತನ್ನ ಸರಹದ್ದಿನಲ್ಲಿ ವಾಸಿಸುವ ಹಿರಿಯರ, ವಿಶೇಷವಾಗಿ ಒಂಟಿಯಾಗಿರುವವರ, ಪಟ್ಟಿಯನ್ನಿಡಬೇಕು. ತಿಂಗಳಿಗೊಮ್ಮೆಯಾದರೂ ಠಾಣೆಯವರೊಬ್ಬರು ಅವರನ್ನು ಕಂಡು ಬರಬೇಕು. ಹಿರಿಯರು ಕೋರಿದಾಗ ಅವರ ಮನೆಯ ಆಳುಗಳ ಪೂರ್ವವೃತ್ತಾಂತವನ್ನು ವಿಳಂಬವಿಲ್ಲದೆ ಪರಿಶೀಲಿಸಿಕೊಡಬೇಕು ಎಂಬುವು ಆ ನಿಯಮಗಳ ಮಾತು. ನಮ್ಮ ನಗರದ ವೃದ್ಧರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಕೇಳುವವರಿಲ್ಲದ ಹಕ್ಕು ಕಾಗದದ ಮೇಲೆಯೇ ಮಲಗಿರುತ್ತದೆ. ಪೊಲೀಸ್ ಪರಿಶೀಲನಾ ಪತ್ರಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಿಕೊಳ್ಳುವ ಏರ್ಪಾಡೂ ಇದೆ.

ಆದರೆ ಠಾಣೆಯ ಪತ್ರ ದೊರೆತ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದು ತಪ್ಪು. ಆ ಪತ್ರವು ದಾಖಲೆಯಲ್ಲಿರುವುದನ್ನು ಹೇಳಬಲ್ಲುದೇ ಹೊರತು ದಾಖಲೆಗೆ ಬಾರದೆ ಹೋದುದನ್ನು ಹೇಳಲಾರದು. ಇದಕ್ಕೆ ಇಂಗ್ಲೆಂಡಿನ ಉದಾಹರಣೆಯೊಂದುಂಟು. 2002 ರಲ್ಲಿ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರನ್ನು ಶಾಲೆಯೊಂದರ ಮೇಲ್ವಿಚಾರಕನು ಕೊಂದನು. ಅವನ ಮೇಲೆ ಬೇರೊಂದು ಪ್ರಾಂತದಲ್ಲಿ ಹಿಂದೆ ಹಲವು ಆಪಾದನೆಗಳು ಬಂದಿದ್ದವು. ಶಿಕ್ಷೆಯಾಗಿರಲಿಲ್ಲವಾಗಿ ಅವು ಅವನನ್ನು ಕೆಲಸಕ್ಕೆ ತೆಗೆದುಕೊಂಡವರ ಕಿವಿಗೆ ಬೀಳಲೇ ಇಲ್ಲ. ಅನಂತರ ವಿಚಾರಣಾ ಮಂಡಲಿ ಕುಳಿತು, 2006 ರಲ್ಲಿ ಹೊಸ ಕಾನೂನಾಗಿ, ಮಕ್ಕಳನ್ನೂ ಅಶಕ್ತರನ್ನೂ ನೋಡಿಕೊಳ್ಳುವವರ ವೃತ್ತಾಂತ ಪರಿಶೀಲನೆಗೆಂದು 2012 ರಲ್ಲಿ ಪ್ರತ್ಯೇಕ ಇಲಾಖೆಯೇ ಏರ್ಪಟ್ಟಿತು. ಒಂದು ಠಾಣೆಗೆ ಗೊತ್ತಿದ್ದುದು ಇನ್ನೊಂದಕ್ಕೆ ತಿಳಿಯದಿದ್ದರೆ ಏನಾಗುವುದೆಂಬ ಪಾಠವನ್ನು ಆ ದೇಶವು ಎರಡು ಎಳೆಯ ಪ್ರಾಣಗಳ ಬೆಲೆಗೆ ಕಲಿಯಿತು. ನಾವು ಬಿಟ್ಟಿಯಾಗಿಯೇ ಕಲಿಯಬಹುದು.

ಬರಿಯ ಶಿಫಾರಸು ಪತ್ರವನ್ನು ನಂಬುವುದೂ ಅಪಾಯವೇ. ದೊರೆಗಳ ಕಾಲದ ದಂಡುಪ್ರದೇಶಗಳಲ್ಲಿ ಬಟ್ಲರುಗಳೂ ಆಯಾಗಳೂ ಹಿಂದಿನ ಯಜಮಾನರು ಬರೆದುಕೊಟ್ಟ ಚೀಟಿಗಳನ್ನು ಕಂತೆಕಟ್ಟಿ ತರುತ್ತಿದ್ದರು. ಒಬ್ಬನ ಚೀಟಿಯನ್ನು ಇನ್ನೊಬ್ಬನು ಎರವಲು ಪಡೆದು ತೋರಿಸುವುದು ಆಗಲೇ ರೂಢಿಯಲ್ಲಿತ್ತು. ಚೀಟಿಗಿಂತ ಚೀಟಿ ಬರೆದವರ ಮಾತು ಮುಖ್ಯ. ಹಿಂದೆ ಕೆಲಸ ಮಾಡಿದ ಎರಡು ಮನೆಗಳ ವಿಳಾಸ ಕೇಳಿ, ಸಾಧ್ಯವಾದರೆ ಅಲ್ಲಿಗೆ ಹೋಗಿ ಕಾಣಬೇಕು. ‘ಒಳ್ಳೆಯವರೇ?’ ಎಂದು ಕೇಳಿದರೆ ‘ಒಳ್ಳೆಯವರು’ ಎಂಬ ಉತ್ತರವೇ ಬರುವುದು. ಎಷ್ಟು ತಿಂಗಳಿದ್ದರು, ರೋಗಿಗೆ ಏನಾಗಿತ್ತು, ರಾತ್ರಿ ಕರೆದರೆ ಏಳುತ್ತಿದ್ದರೇ, ಹೇಳದೆ ಕೆಲಸಕ್ಕೆ ತಪ್ಪಿಸಿಕೊಂಡದ್ದುಂಟೇ, ಏಕೆ ಬಿಟ್ಟರು, ಇನ್ನೊಮ್ಮೆ ಬೇಕಾದರೆ ಅವರನ್ನೇ ಕರೆಯುವಿರಾ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವಾದರೆ ಆ ತಡವೇ ಉತ್ತರವೆಂದು ತಿಳಿಯಬಹುದು.

ವಿದ್ಯಾರ್ಹತೆಯ ಮಾತೂ ಒಂದಿದೆ. ಮೂರು ಬಗೆಯ ಜನರನ್ನು ನಾವು ‘ಹೋಂ ನರ್ಸ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ: ನರ್ಸಿಂಗ್ ವಿದ್ಯೆ ಓದಿ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು, ಕೆಲವು ತಿಂಗಳ ತರಬೇತಿ ಪಡೆದ ಸಹಾಯಕರು, ಯಾವ ತರಬೇತಿಯೂ ಇಲ್ಲದೆ ಅನುಭವವೊಂದನ್ನೇ ನೆಚ್ಚಿದವರು. ಸ್ನಾನ, ಊಟ, ನಡೆದಾಡಿಸುವುದಕ್ಕೆ ಮೂರನೆಯವರೂ ಸಾಕಾಗಬಹುದು. ಇನ್ಸುಲಿನ್ ಚುಚ್ಚುವುದಕ್ಕೂ ಮೂಗಿನ ನಳಿಗೆಯಲ್ಲಿ ಆಹಾರ ಹಾಕುವುದಕ್ಕೂ ಸಾಲದು. ನರ್ಸ್ ಎಂದು ಹೇಳಿಕೊಂಡವರಲ್ಲಿ ನೋಂದಣಿಯ ಸಂಖ್ಯೆಯನ್ನು ಕೇಳಿ, ಪರಿಷತ್ತಿನಿಂದ ಖಚಿತಪಡಿಸಿಕೊಳ್ಳಬೇಕು.

ಏಜೆನ್ಸಿಯ ಮೂಲಕ ಬಂದವರ ವಿಷಯದಲ್ಲಿ ಜನರು ಬೇಗನೆ ನಿಶ್ಚಿಂತರಾಗುತ್ತಾರೆ. ಪರಿಶೀಲನೆ ಮಾಡಿದ್ದೇವೆಂದು ಏಜೆನ್ಸಿಯವರು ಹೇಳಿದರೆ ಆ ಕಾಗದವನ್ನು ಕಣ್ಣಾರೆ ನೋಡಬೇಕು, ತಾರೀಖನ್ನು ಗಮನಿಸಬೇಕು. ಮೊದಲು ಕಳುಹಿಸಿದವರಿಗೆ ರಜೆಯಾದಾಗ ಬದಲಿಗೆ ಬರುವವರ ವೃತ್ತಾಂತವನ್ನು ವಿಚಾರಿಸಿದವರು ಯಾರು? ಬಹುಪಾಲು ಮನೆಗಳಲ್ಲಿ ಎಚ್ಚರ ತಪ್ಪುವುದು ಇಲ್ಲಿಯೇ. ಬದಲಿಯವರಿಗೂ ಅದೇ ನಿಯಮವೆಂದು ಕರಾರಿನಲ್ಲಿ ಮೊದಲೇ ಬರೆಸಬೇಕು. ಮೊದಲ ವಾರ ಮನೆಯವರೊಬ್ಬರು ಜೊತೆಯಲ್ಲಿರುವುದು, ಔಷಧ ಕೊಟ್ಟ ವೇಳೆಯನ್ನು ಪುಸ್ತಕದಲ್ಲಿ ಬರೆಸುವುದು, ಚಿನ್ನವನ್ನೂ ಬ್ಯಾಂಕಿನ ಕಾರ್ಡಿನ ಗುಟ್ಟಿನ ಸಂಖ್ಯೆಯನ್ನೂ ರೋಗಿಯ ಕೋಣೆಯಿಂದ ದೂರವಿಡುವುದು, ನೆರೆಯವರಿಗೆ ಹೇಳಿಟ್ಟು ಆಗಾಗ ಅನಿರೀಕ್ಷಿತವಾಗಿ ಬಂದು ನೋಡಿಸುವುದು, ಇವೆಲ್ಲ ಪರಿಶೀಲನೆಯ ಮುಂದುವರಿದ ಭಾಗಗಳೇ.

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ನೋಡದಿದ್ದರೆ ಅನ್ಯಾಯವಾದೀತು. ಈ ಕೆಲಸಕ್ಕೆ ಬರುವವರಲ್ಲಿ ಬಹುಮಂದಿ ಬಡ ಹೆಣ್ಣುಮಕ್ಕಳು. ತಮ್ಮ ಮನೆಯ ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಪರರ ಮನೆಯ ರೋಗಿಯ ಮಲಮೂತ್ರ ಬಳಿಯುತ್ತಾರೆ. ಅವರಲ್ಲಿ ಅತ್ಯಧಿಕ ಮಂದಿ ನಂಬಿಕೆಗೆ ಯೋಗ್ಯರೆಂಬುದು ಅವರ ಕೈಯಲ್ಲಿ ಆರೈಕೆ ಪಡೆದವರ ಅನುಭವ. ಜಾತಿ ಯಾವುದು, ಮತ ಯಾವುದು ಎಂದು ಕೆದಕುವುದನ್ನೇ ಪೂರ್ವೋತ್ತರ ವಿಚಾರಣೆಯೆಂದು ತಿಳಿದ ಗೃಹಸ್ಥರು ಇನ್ನೂ ಇದ್ದಾರೆ. ಅದರಿಂದ ರೋಗಿಗೆ ರಕ್ಷೆಯೂ ಇಲ್ಲ, ಕೇಳಿದವರಿಗೆ ಗೌರವವೂ ಇಲ್ಲ. ವಿಚಾರಣೆಯು ಎಲ್ಲರಿಗೂ ಒಂದೇ ಸಮನಾಗಿದ್ದರೆ ಯಾರಿಗೂ ಅವಮಾನವಿಲ್ಲ. ಒಪ್ಪಿಗೆ ಪಡೆದೇ ಕಾಗದಗಳನ್ನು ನೋಡಬೇಕು. ಆಧಾರ್ ಪ್ರತಿಯಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವಂಥದು ಸಾಕು. ಅದನ್ನು ನೆಂಟರಿಷ್ಟರ ಫೋನುಗಳಿಗೆಲ್ಲ ಹಂಚಬಾರದು. ಪರಿಶೀಲನೆಯ ಖರ್ಚನ್ನು ಅವರ ಸಂಬಳದಿಂದ ಮುರಿದುಕೊಳ್ಳಬಾರದು.

ಅವರಿಗೂ ನಮ್ಮ ಪೂರ್ವೋತ್ತರ ವಿಚಾರಿಸುವ ಹಕ್ಕುಂಟು. ಮನೆಯಲ್ಲಿ ಯಾರು ಯಾರಿದ್ದಾರೆ, ಮಲಗುವ ಸ್ಥಳಕ್ಕೆ ಚಿಲಕವಿದೆಯೇ, ರಾತ್ರಿ ಎಷ್ಟು ಹೊತ್ತು ನಿದ್ರೆ ದೊರೆಯುವುದು, ವಾರದ ರಜೆ ಯಾವಾಗ ಎಂದು ಅವರು ಕೇಳಿದರೆ ಅದು ಉದ್ಧಟತನವಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕವು 2004 ರಲ್ಲಿಯೇ ಗೊತ್ತುಪಡಿಸಿತು. ಕೆಲಸದ ಸ್ಥಳದಲ್ಲಿ ಸ್ತ್ರೀಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಅಧಿನಿಯಮವು ಗೃಹಸ್ಥರ ಮನೆಗೂ ಅನ್ವಯಿಸುತ್ತದೆ. ಹನ್ನೆರಡು ಗಂಟೆ ದುಡಿಸಿ ಅರೆಹೊಟ್ಟೆಗೆ ಸಂಬಳ ಕೊಟ್ಟು, ನಿಷ್ಠೆಯನ್ನು ಮಾತ್ರ ಪೂರ್ತಿಯಾಗಿ ಬಯಸುವುದು ನ್ಯಾಯವಾದೀತೇ?

1881 ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿದ ಊರು ಇದು. ತನ್ನ ಕುಂದುಕೊರತೆಗಳನ್ನು ಅಧಿಕಾರಿಗಳ ಮುಂದೆ ಕೂಡಿ ಹೇಳುವ ಅಭ್ಯಾಸ ಇಲ್ಲಿಯ ಜನರಿಗೆ ಹೊಸದಲ್ಲ. ಪೊಲೀಸ್ ಅಧಿಕಾರಿಗಳು ಪ್ರತಿ ಠಾಣೆಯಲ್ಲಿಯೂ ಹಿರಿಯರ ಪಟ್ಟಿಯನ್ನು ನೈಜವಾಗಿ ನಡೆಸಿ, ಪರಿಶೀಲನೆಯ ಕೋರಿಕೆಗೆ ಇಂತಿಷ್ಟು ದಿನಗಳಲ್ಲಿ ಉತ್ತರವೆಂದು ಬೋರ್ಡು ಹಾಕಲಿ. ಜಿಲ್ಲಾಡಳಿತದವರು ನಗರದಲ್ಲಿ ಗೃಹಶುಶ್ರೂಷಕರನ್ನು ಒದಗಿಸುವ ಏಜೆನ್ಸಿಗಳ ರಿಜಿಸ್ಟರನ್ನಿಟ್ಟು ಸಾರ್ವಜನಿಕರಿಗೆ ತೋರಿಸಲಿ. ಆಸ್ಪತ್ರೆಗಳು ರೋಗಿಯನ್ನು ಮನೆಗೆ ಕಳುಹಿಸುವ ದಿನ ಔಷಧದ ಚೀಟಿಯೊಡನೆ, ಶುಶ್ರೂಷಕರನ್ನು ಗೊತ್ತುಮಾಡುವಾಗ ವಿಚಾರಿಸಬೇಕಾದುದರ ಚೀಟಿಯನ್ನೂ ಕೊಡಲಿ. ಬಡಾವಣೆಯ ಸಂಘಗಳು ಒಂಟಿ ವೃದ್ಧರ ಮನೆಗಳನ್ನು ಸರದಿಯಂತೆ ನೋಡಿಕೊಳ್ಳಲಿ. ಕಷ್ಟದಲ್ಲಿರುವ ಹಿರಿಯರಿಗೆಂದು 14567 ಸಂಖ್ಯೆಯ ಸಹಾಯವಾಣಿಯೂ ತುರ್ತಿಗೆ 112 ಕೂಡ ಇವೆ. ಆ ಅಂಕೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಲು ಸರ್ಕಾರದ ಅಪ್ಪಣೆ ಬೇಕಿಲ್ಲ.

ದುಡಿಯುವ ವಯಸ್ಸಿನವರನ್ನು ಗೌರವಿಸುವುದು ಯಾವ ಸಮಾಜಕ್ಕೂ ಸುಲಭ. ಮಾತು ನಿಂತ ಬಾಯಿ, ನಡುಗುವ ಕೈ, ಮರೆತ ಹೆಸರುಗಳು ಇವುಗಳ ಮುಂದೆ ಅದರ ನಡತೆ ಹೇಗಿದೆಯೆಂಬುದೇ ಅದರ ಪರೀಕ್ಷೆ. ಸ್ವರಾಜ್ಯವು ಕಚೇರಿಗಳಿಗೆ ಬಂದು ಬಹುಕಾಲವಾಯಿತು. ಹಾಸಿಗೆ ಹಿಡಿದವರ ಕೋಣೆಗೂ ಅದರ ರಕ್ಷೆ ತಲುಪಬೇಕಾದರೆ ಮನೆಯ ಯಜಮಾನನು ಬಾಗಿಲು ತೆರೆಯುವ ಮುನ್ನ ಎರಡು ದಿನ ತಡೆದು ವಿಚಾರಿಸಬೇಕು, ಠಾಣೆಯ ಅಧಿಕಾರಿಯು ಅವನ ಅರ್ಜಿಯನ್ನು ಎರಡು ತಿಂಗಳು ತಡೆಯದಿರಬೇಕು.