ಅರಿಶಿನದ ಯಾವ ಹೈಡ್ರೋಜನ್ ಮೊದಲು ಕಳಚೀತು?

ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅಣುವಿನಲ್ಲಿ 21 ಕಾರ್ಬನ್, 20 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ. ಎರಡು ತುದಿಗಳಲ್ಲಿ ಒಂದೊಂದು ಬೆಂಜೀನ್ ಉಂಗುರ; ಅವೆರಡನ್ನೂ ಬೆಸೆಯುವ, ಏಳು ಕಾರ್ಬನ್‌ಗಳ ಸೇತುವೆ. ಪ್ರತಿ ಉಂಗುರಕ್ಕೂ ಫೀನಾಲ್ ಆಗಿಸುವ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ, ಅದರ ಮಗ್ಗುಲಲ್ಲೇ ಒಂದು ಮೆಥಾಕ್ಸಿ ಗುಂಪು. ಸೇತುವೆಯ ನಡುಭಾಗದಲ್ಲಿ ಉಳಿದೆರಡು ಆಕ್ಸಿಜನ್‌ಗಳು. ಫೋಗೆಲ್ ಮತ್ತು ಪೆಲ್ಟಿಯೆ 1815ರಲ್ಲಿ ಈ ವಸ್ತುವನ್ನು ಅರಿಶಿನದಿಂದ ಬೇರ್ಪಡಿಸಿದರು. ರಚನೆ ಇಂಥದ್ದು ಎಂದು ತಿಳಿಯಲು 1910ರವರೆಗೆ ಕಾಯಬೇಕಾಯಿತು.

ರಚನೆ ಗೊತ್ತಾದ ಮಾತ್ರಕ್ಕೆ ವರ್ತನೆ ಗೊತ್ತಾಗುವುದಿಲ್ಲ. ಕರ್ಕ್ಯುಮಿನ್ ಉತ್ಕರ್ಷಣ ನಿರೋಧಕ, ಅಂದರೆ ಒಂಟಿ ಎಲೆಕ್ಟ್ರಾನ್ ಹೊತ್ತು ಸಿಕ್ಕಸಿಕ್ಕಲ್ಲಿ ಕೈಹಾಕುವ ಫ್ರೀ ರ‍್ಯಾಡಿಕಲ್‌ಗೆ ತನ್ನದೊಂದು ಹೈಡ್ರೋಜನ್ ಕೊಟ್ಟು ಅದನ್ನು ಸುಮ್ಮನಾಗಿಸುತ್ತದೆ. ಆದರೆ ಇಪ್ಪತ್ತರಲ್ಲಿ ಯಾವುದನ್ನು? ಸೇತುವೆಯ ನಟ್ಟನಡುವಿನ ಕಾರ್ಬನ್ ಮೇಲಿನದನ್ನು ಎಂದು 1999ರಲ್ಲಿ ಒಂದು ತಂಡ ವಾದಿಸಿತು. ಅಲ್ಲ, ಫೀನಾಲ್ ತುದಿಯದನ್ನು ಎಂದು ಮರುವರ್ಷವೇ ಮತ್ತೊಂದು ತಂಡ ಪ್ರಯೋಗ ಮಾಡಿ ಹೇಳಿತು. ಕ್ರಿಯೆ ನಡೆಯುವ ವೇಗವನ್ನು ಪ್ರಯೋಗದಲ್ಲಿ ಅಳೆಯಬಹುದು. ಯಾವ ಬಂಧ ಹರಿಯಿತು ಎಂಬುದನ್ನು ಮಾತ್ರ ಊಹಿಸಿಯೇ ತಿಳಿಯಬೇಕು. ಗಣಕ ರಸಾಯನವಿಜ್ಞಾನದ ಕೆಲಸ ಶುರುವಾಗುವುದು ಇಲ್ಲಿ.

ಅಣುವಿನ ಎಲ್ಲ ಗುಣವೂ ಕ್ವಾಂಟಂ ಸಮೀಕರಣದಲ್ಲಿ ಅಡಗಿದೆ, ನಿಜ. ಅದನ್ನು ಬಿಡಿಸುವುದೇ ಕಷ್ಟ. ಕರ್ಕ್ಯುಮಿನ್‌ನಲ್ಲಿ 194 ಎಲೆಕ್ಟ್ರಾನ್‌ಗಳಿವೆ. ಪ್ರತಿಯೊಂದರ ಸ್ಥಾನಕ್ಕೂ ಮೂರು ಅಳತೆ ಬೇಕು. ಒಟ್ಟು 582 ಚರಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಒಂದೊಂದು ಎಲೆಕ್ಟ್ರಾನಿನ ಬೆನ್ನು ಹತ್ತಬೇಕಿಲ್ಲ, ಎಲ್ಲಿ ಎಷ್ಟು ದಟ್ಟವಾಗಿ ಎಲೆಕ್ಟ್ರಾನ್ ಹರಡಿದೆ ಎಂಬ ಸಾಂದ್ರತೆಯ ನಕ್ಷೆ ಸಾಕು ಎಂದು ವಾಲ್ಟರ್ ಕೋನ್ ಮತ್ತು ಪಿಯರ್ ಹೋಹೆನ್‌ಬರ್ಗ್ 1964ರಲ್ಲಿ ಸಾಧಿಸಿದರು. ಸಾಂದ್ರತೆಗೆ ಬೇಕಾದದ್ದು ಮೂರೇ ಚರ. ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತ ಎಂದು ಹೆಸರಾದ ಈ ದಾರಿಗೆ, ಮತ್ತು ಇಂಥ ಲೆಕ್ಕಗಳನ್ನು ಕಂಪ್ಯೂಟರ್ ಪ್ರೋಗ್ರಾಮ್‌ಗಳಲ್ಲಿ ಇಳಿಸಿದ ಜಾನ್ ಪೋಪಲ್ ಅವರ ದುಡಿಮೆಗೆ, 1998ರ ರಸಾಯನವಿಜ್ಞಾನದ ನೊಬೆಲ್ ಸಂದಿತು. ದಾರಿ ಸಲೀಸಾಯಿತು ಎಂದಲ್ಲ. ಸಾಂದ್ರತೆಯಿಂದ ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರದ ಒಂದು ತುಣುಕಿನ ನಿಖರ ರೂಪ ಇಂದಿಗೂ ಸಿಕ್ಕಿಲ್ಲ. ಅಂದಾಜು ಸೂತ್ರಗಳಿಂದಲೇ ಕೆಲಸ ಸಾಗುತ್ತಿದೆ.

ಲೆಕ್ಕದ ವಿಧಾನ ಹೀಗೆ. ಮೊದಲು ಅಣುವಿನ ಪರಮಾಣುಗಳನ್ನು ಕಂಪ್ಯೂಟರ್ ಸ್ವಲ್ಪಸ್ವಲ್ಪವೇ ಸರಿಸುತ್ತ, ಶಕ್ತಿ ಅತ್ಯಂತ ಕಡಿಮೆಯಾಗುವ ಆಕಾರವನ್ನು ಹುಡುಕುತ್ತದೆ. ಆಮೇಲೆ ಒಂದು ಹೈಡ್ರೋಜನ್ ಕಿತ್ತು, ಉಳಿದ ಭಾಗಕ್ಕೆ ಮತ್ತೆ ಅದೇ ಹುಡುಕಾಟ. ಮೊದಲಿನ ಮತ್ತು ನಂತರದ ಶಕ್ತಿಗಳ ವ್ಯತ್ಯಾಸವೇ ಆ ಬಂಧವನ್ನು ಹರಿಯಲು ತಗಲುವ ವೆಚ್ಚ. ಪ್ರತಿ ಹೈಡ್ರೋಜನ್‌ಗೂ ಹೀಗೆ ಮಾಡಿ ನೋಡಿದರೆ ಅಗ್ಗದ್ದು ಯಾವುದೆಂದು ತಿಳಿಯುತ್ತದೆ. ಜೊತೆಗೆ ಇನ್ನೊಂದು ಸೂಚಕವಿದೆ: ಎಲೆಕ್ಟ್ರಾನ್ ತುಂಬಿದ ಅತಿ ಎತ್ತರದ ಕಕ್ಷಕ ಮತ್ತು ಖಾಲಿಯಿರುವ ಅತಿ ಕೆಳಗಿನ ಕಕ್ಷಕ. ಕ್ರಿಯೆಯ ದಿಕ್ಕನ್ನು ಮುಖ್ಯವಾಗಿ ಈ ಎರಡೇ ತೀರ್ಮಾನಿಸುತ್ತವೆ ಎಂಬುದು ಜಪಾನಿನ ಕೆನಿಚಿ ಫುಕುಯಿ 1952ರಲ್ಲಿ ಮುಂದಿಟ್ಟ ವಿಚಾರ; 1981ರಲ್ಲಿ ಅವರಿಗೂ ನೊಬೆಲ್ ಬಂತು.

ಕರ್ಕ್ಯುಮಿನ್‌ಗೆ ಈ ಲೆಕ್ಕ ಹಚ್ಚಿದಾಗ ಮೊದಲು ಕಂಡದ್ದು ಅಣುವಿನ ವೇಷ. ಪಠ್ಯಪುಸ್ತಕಗಳು ಸೇತುವೆಯ ನಡುವೆ ಎರಡು ಕೀಟೋನ್‌ಗಳನ್ನು ಬರೆಯುವುದುಂಟು. ಲೆಕ್ಕ ಹೇಳುವ ಪ್ರಕಾರ ನಡುವಿನ ಒಂದು ಹೈಡ್ರೋಜನ್ ಪಕ್ಕದ ಆಕ್ಸಿಜನ್‌ಗೆ ಹಾರಿ, ಎರಡೂ ಆಕ್ಸಿಜನ್‌ಗಳ ನಡುವೆ ಹೈಡ್ರೋಜನ್ ಬಂಧವಾಗಿ ಕೂತ ಎನಾಲ್ ರೂಪವೇ ಹೆಚ್ಚು ಸ್ಥಿರ. ಹರಳಿನ ಎಕ್ಸ್-ರೇ ಚಿತ್ರಗಳೂ ಅದನ್ನೇ ತೋರಿಸುತ್ತವೆ. 1999ರ ವಾದ ನೆಚ್ಚಿಕೊಂಡಿದ್ದ ನಡುವಿನ ಕಾರ್ಬನ್, ಈ ರೂಪದಲ್ಲಿ ಎರಡು ಹೈಡ್ರೋಜನ್ ಹೊತ್ತಿರುವುದೇ ಇಲ್ಲ. ಇಲ್ಲಿ ಸುಲಭವಾಗಿ ಹರಿಯುವುದು ಫೀನಾಲ್ ತುದಿಯ ಬಂಧ. ಅಲ್ಲಿ ಉಳಿದ ಒಂಟಿ ಎಲೆಕ್ಟ್ರಾನ್ ಉಂಗುರದಿಂದ ಸೇತುವೆಯುದ್ದಕ್ಕೂ ಹರಡಿಕೊಂಡು ತಣ್ಣಗಾಗುತ್ತದೆ.

ವಾದ ಅಲ್ಲಿಗೇ ಮುಗಿಯಲಿಲ್ಲ. ಮೊದಮೊದಲ ಲೆಕ್ಕಗಳು ಅಣುವನ್ನು ಶೂನ್ಯದಲ್ಲಿ ಒಂಟಿಯಾಗಿ ನಿಲ್ಲಿಸಿದ್ದವು. ಜೀವಕೋಶದಲ್ಲಾಗಲಿ ಅಡುಗೆಮನೆಯಲ್ಲಾಗಲಿ ಅಣು ಹಾಗೆ ಇರುವುದಿಲ್ಲ. ಸುತ್ತ ನೀರೋ ಎಣ್ಣೆಯೋ ಇರುತ್ತದೆ. ಲಿಟ್ವಿನಿಯೆಂಕೊ ಮತ್ತು ಇಂಗೋಲ್ಡ್ 2004ರಲ್ಲಿ ತೋರಿಸಿದಂತೆ, ಮೆಥನಾಲ್‌ನಂಥ ದ್ರಾವಕದಲ್ಲಿ ಕರ್ಕ್ಯುಮಿನ್ ಹೈಡ್ರೋಜನ್ನನ್ನು ಇಡಿಯಾಗಿ ಕೊಡುವ ಬದಲು ಕಂತಿನಲ್ಲಿ ಕೊಡುತ್ತದೆ: ಮೊದಲು ನಡುವಿನ ಎನಾಲ್ ಭಾಗದಿಂದ ಪ್ರೋಟಾನ್, ಹಿಂದೆಯೇ ಎಲೆಕ್ಟ್ರಾನ್. ಅಂದರೆ ಎರಡು ತಂಡಗಳೂ ಪೂರ್ತಿ ತಪ್ಪಿರಲಿಲ್ಲ. ದ್ರಾವಕ ಬದಲಾದರೆ ಉತ್ತರವೂ ಬದಲಾಗುತ್ತದೆ. ಹಾಗಾಗಿ ಈಗಿನ ಲೆಕ್ಕಗಳಲ್ಲಿ ದ್ರಾವಕವನ್ನು ಅಣುವಿನ ಸುತ್ತ ಹಬ್ಬಿದ ವಿದ್ಯುತ್ ಮಾಧ್ಯಮವೆಂದು ಭಾವಿಸಿ ಸೇರಿಸಿಕೊಳ್ಳುವುದು ವಾಡಿಕೆ.

ಪ್ರೋಟಾನ್ ಕಳಚುವುದನ್ನು ಕಣ್ಣಾರೆ ಕಾಣಲು ಪ್ರಯೋಗಾಲಯವೇ ಬೇಕೆಂದಿಲ್ಲ. ಆರತಿಗೆಂದು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದಾಗ ಅದು ಕೆಂಪಾಗುವುದು ಇದರಿಂದಲೇ. ಹಳದಿ ರೂಪದಲ್ಲಿ ಕರ್ಕ್ಯುಮಿನ್ ಸುಮಾರು 425 ನ್ಯಾನೊಮೀಟರಿನ ನೇರಳೆ-ನೀಲಿ ಬೆಳಕನ್ನು ಹೀರುತ್ತದೆ. ಸುಣ್ಣ ಪ್ರೋಟಾನ್‌ಗಳನ್ನು ಕಸಿದಾಗ ಆಕ್ಸಿಜನ್ ಮೇಲಿನ ಎಲೆಕ್ಟ್ರಾನ್‌ಗಳ ಹಿಡಿತ ಸಡಿಲಾಗಿ, ತುಂಬಿದ ಕಕ್ಷಕ ಮೇಲಕ್ಕೇರುತ್ತದೆ; ಖಾಲಿ ಕಕ್ಷಕದೊಂದಿಗಿನ ಅಂತರ ಕಿರಿದಾಗುತ್ತದೆ; ಇನ್ನೂ ಉದ್ದನೆಯ ಅಲೆಯ ಬೆಳಕು ಹೀರಲ್ಪಟ್ಟು ಕೆಂಪು ಉಳಿಯುತ್ತದೆ.

ಇಂಥ ಲೆಕ್ಕಗಳನ್ನು ಔಷಧದ ಪುರಾವೆ ಎಂಬಂತೆ ಪ್ರಕಟಿಸುವ ಚಾಳಿಯೂ ಬೆಳೆದಿದೆ. ಪ್ರೋಟೀನಿನ ಗುಳಿಯಲ್ಲಿ ಅಣು ಚೆನ್ನಾಗಿ ಕೂರುತ್ತದೆ ಎಂದು ತೆರೆಯ ಮೇಲೆ ತೋರಿಸುವುದು ಸುಲಭ. ಬಗೆಬಗೆಯ ಪರೀಕ್ಷೆಗಳಲ್ಲಿ ಕರ್ಕ್ಯುಮಿನ್ ಸುಳ್ಳು ಫಲಿತಾಂಶ ಕೊಡುವ ಅಣುವೆಂದು 2017ರ ಒಂದು ವಿಸ್ತೃತ ಔಷಧ ರಸಾಯನ ಸಮೀಕ್ಷೆ ಎಚ್ಚರಿಸಿತ್ತು. ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ. ಕರಗಿದರೂ, ರಕ್ತದ ಕ್ಷಾರತೆಗೆ ಹತ್ತಿರವಾದ 7.2 ಪಿಎಚ್‌ನ ದ್ರಾವಣದಲ್ಲಿ ಅರ್ಧ ಗಂಟೆಯೊಳಗೆ ಸುಮಾರು ಶೇ 90 ಭಾಗ ಒಡೆದುಹೋಗುತ್ತದೆ. ಒಡೆದ ಚೂರುಗಳಲ್ಲಿ ವೆನಿಲಿನ್ ಮತ್ತು ಫೆರುಲಿಕ್ ಆಮ್ಲ ಸೇರಿವೆ. ಎರಡರಲ್ಲೂ ಫೀನಾಲ್ ತುದಿ ಹಾಗೆಯೇ ಉಳಿದಿರುತ್ತದೆ. ಒಂಟಿ ಎಲೆಕ್ಟ್ರಾನ್ ಹರಡಿಕೊಳ್ಳುತ್ತಿದ್ದ ಉದ್ದನೆಯ ಸೇತುವೆ ಮಾತ್ರ ಇರುವುದಿಲ್ಲ.